ತಾಮ್ರದ ತಂತಿಯಲ್ಲಿ ಕಟ್ಟಿದ ಗಂಟು

ನನ್ನ ಗಂಡ ಬಾಗಿಲಿನ ಆಚಾರಿ. ಮಂಚ, ಕಿಟಕಿ, ಬೀರು ಎಲ್ಲವನ್ನೂ ಮಾಡಬಲ್ಲರು, ಆದರೆ ಯಾರಾದರೂ ಏನು ಕೆಲಸ ಎಂದು ಕೇಳಿದರೆ "ಬಾಗ್ಲು ನಿಲ್ಲುಸ್ತೀನಿ" ಎಂದಷ್ಟೇ ಹೇಳುವರು. ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಬಸ್ಸಿನಲ್ಲಿ ಹೋಗುವಾಗ ಅವರ ಪಕ್ಕ ಕೂತರೆ ನನಗೆ ಸಾಕುಸಾಕಾಗುತ್ತಿತ್ತು. "ಅಗಾ, ಆ ಮನೆ ಬಾಗ್ಲು ನಂದು. ಇಗಾ, ಆ ತೆಂಗಿನ್ಮರದ ಹಿಂದ್ಲುದೂ ನಂದೇ." ಮನೆ ಯಾರದೋ, ಬಾಗಿಲು ಮಾತ್ರ ಇವರದು! "ಸುಮ್ಕಿರಿ, ಬಸ್ಸೆಲ್ಲ ತಿರುಗಿ ನೋಡ್ತಾವ್ರೆ" ಎಂದು ನಾನು ಮೊಣಕೈಯಲ್ಲಿ ತಿವಿಯುತ್ತಿದ್ದೆ. ಈಗ ಅದೇ ದಾರಿಯಲ್ಲಿ ಹೋಗುವಾಗ ಅವರು ಕಿಟಕಿಯ ಕಡೆ ತಿರುಗುವುದೇ ಇಲ್ಲ. ಮುಂದಿನ ಸೀಟಿನ ಕಂಬಿ ಹಿಡಿದು ತಲೆ ತಗ್ಗಿಸಿ ಕೂತಿರುತ್ತಾರೆ. ಅದು ಯಾಕೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ತಪ್ಪು ನನ್ನದು, ಅವರದಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯಲು ನನಗೆ ಧೈರ್ಯ ಬರುತ್ತದೆ.

ನಮ್ಮ ಆಚಾರಿ ಮನೆಗಳಲ್ಲಿ ಒಂದು ಪದ್ಧತಿ ಇದೆ. ತಲೆಬಾಗಿಲಿನ ಚೌಕಟ್ಟು ನಿಲ್ಲಿಸುವ ದಿನ, ಹೊಸ್ತಿಲು ಕೂರುವ ಜಾಗದಲ್ಲಿ ಗೇಣುದ್ದ ಗುಂಡಿ ತೋಡಿ, ಅರಿಶಿನದ ಬಟ್ಟೆಯ ಪುಟ್ಟ ಗಂಟೊಂದನ್ನು ಅದರಲ್ಲಿಟ್ಟು ಮಣ್ಣು ಮುಚ್ಚುತ್ತಾರೆ. ಗಂಟಿನೊಳಗೆ ನವಧಾನ್ಯ, ಒಂದು ನಾಣ್ಯ, ಐದು ಲೋಹದ ಐದು ಚೂರು. ಬೇರೆ ಕಡೆ ಮನೆ ಕಟ್ಟಿಸುವವರೇ ಅದನ್ನು ಕಟ್ಟಿಕೊಳ್ಳುತ್ತಾರೆ. ನಮ್ಮ ಅತ್ತೆಯ ಮನೆಯಲ್ಲಿ ಹಾಗಲ್ಲ. ಬಾಗಿಲು ಯಾರದೇ ಇರಲಿ, ಗಂಟು ಕಟ್ಟಬೇಕಾದವಳು ಆಚಾರಿಯ ಹೆಂಡತಿ. ಬೆಳಿಗ್ಗೆ ಎದ್ದು ಮುಖ ತೊಳೆದು, ಯಾರೊಂದಿಗೂ ಮಾತಾಡದೆ ಕಟ್ಟಬೇಕು. ಮದುವೆಯಾಗಿ ಬಂದ ಮೂರನೇ ತಿಂಗಳಿಗೇ ಅತ್ತೆ ಆ ಕೆಲಸವನ್ನು ನನ್ನ ಕೈಗೆ ದಾಟಿಸಿದರು. ಮಾತಾಡದೆ ಇರುವುದು ನನಗೆ ಎಷ್ಟು ಕಷ್ಟ ಎನ್ನುವುದು ಅವರಿಗೆ ಅಷ್ಟರಲ್ಲೇ ತಿಳಿದಿತ್ತು ಅನಿಸುತ್ತದೆ.

ನಾನು ನಾಗಮಂಗಲದ ಅಕ್ಕಸಾಲಿಯ ಮಗಳು. ನಮ್ಮ ತೌರಿನಲ್ಲಿ ಮುಖ್ಯವಾದದ್ದನ್ನು ಏನು ಕಟ್ಟಿದರೂ ತಾಮ್ರದ ಸಣ್ಣ ತಂತಿಯಲ್ಲೇ ಕಟ್ಟುವುದು. ನೂಲಾದರೆ ಗೆದ್ದಲು ತಿನ್ನುತ್ತದೆ, ತಂತಿಯಾದರೆ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ನಾನು ಹೊಸ್ತಿಲ ಗಂಟನ್ನೂ ತಂತಿಯಲ್ಲೇ ಬಿಗಿದೆ. ಅತ್ತೆ ಕೆಂಡವಾದರು.

"ನೂಲಲ್ಲಿ ಕಟ್ಟೋದು ಕಣವ್ವ. ಗಂಟು ಮಣ್ಣಾಗ್ಬೇಕು. ಅದೇ ಅದ್ರ ಕ್ಯಾಮೆ."

"ಮಣ್ಣಾಗೋಕೆ ಅಷ್ಟು ಚೆಂದಾಗಿ ಯಾಕತ್ತೆ ಕಟ್ಬೇಕು?"

"ಬಾಯಿ ನೋಡು ಇವಳ್ದು! ನಿಮ್ಮಪ್ಪನ ಮನೇಲಿ ಒಡವೆ ಮಾಡ್ತಾರೆ, ಇಲ್ಲಿ ಮನೆ ಮಾಡ್ತೀವಿ. ಎರಡೂ ಒಂದೇನಾ?"

ಇಪ್ಪತ್ತು ವರ್ಷ ಇದೇ ಜಗಳ. ಇಪ್ಪತ್ತು ವರ್ಷವೂ ನಾನು ತಂತಿಯಲ್ಲೇ ಕಟ್ಟಿದೆ, ಅತ್ತೆ ಬೈದರು. ನಮ್ಮಿಬ್ಬರಿಗೂ ಅದು ಅಭ್ಯಾಸವಾಗಿತ್ತು. ಅವರು ಬೈಯದಿದ್ದರೆ ಗಂಟಿಗೆ ಏನೋ ಕಮ್ಮಿಯಾಯಿತು ಅನ್ನಿಸುವಷ್ಟು.

ಆಮೇಲೆ ಕಾರ್ಖಾನೆಯಿಂದ ಸಿದ್ಧ ಬಾಗಿಲುಗಳು ಬಂದವು. ಪೇಪರು ಅಂಟಿಸಿದ ಹಲಗೆ, ನಾಲ್ಕು ಸ್ಕ್ರೂ, ಅರ್ಧ ದಿನದ ಕೆಲಸ. ಹೊಸ್ತಿಲೇ ಇಲ್ಲದ ಮನೆಗಳೂ ಬಂದವು, ನೆಲ ಒರೆಸಲು ಅಡ್ಡ ಎಂದು. ನನ್ನ ಗಂಡ ಉಳಿ ಮಸೆಯುತ್ತಾ ಹಜಾರದಲ್ಲಿ ಕೂತಿರುವ ದಿನಗಳು ಜಾಸ್ತಿಯಾದವು. ಮನೆ ನಡೆಯದೆ ಹೋಗಲಿಲ್ಲ, ನಾನು ರವಿಕೆ ಹೊಲಿಯುತ್ತಿದ್ದೆ. ಆದರೆ ಕೆಲಸವಿಲ್ಲದ ಕುಶಲಗಾರ ಗಂಡಸಿನ ಮುಖವನ್ನು ದಿನವಿಡೀ ಎದುರಿಗೆ ನೋಡುವುದು ಸುಲಭದ ಮಾತಲ್ಲ.

ಒಂದು ದಿನ ಕೆ.ಆರ್. ಪೇಟೆಗೆ ಹೋಗಿದ್ದವರು ಕುಣಿಯುವುದೊಂದು ಬಾಕಿ ಎಂಬಂತೆ ವಾಪಸು ಬಂದರು. ಹೊರದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟೊಬ್ಬ ಅಲ್ಲಿ ಬಡಗಿಗಳನ್ನೂ ಕಂಬಿ ಕಟ್ಟುವವರನ್ನೂ ಆರಿಸುತ್ತಿದ್ದನಂತೆ. ಯುದ್ಧ ಮುಗಿದ ಒಂದು ದೇಶವನ್ನು ಮತ್ತೆ ಕಟ್ಟುವ ಕೆಲಸ.

"ಒಂದು ದೇಸಕ್ಕೆ ದೇಸವೇ ಬಾಗ್ಲಿಲ್ದೆ ಕುಂತದಂತೆ ಕಣೆ," ಎಂದರು. ಅವರ ಕಣ್ಣು ಹೊಳೆಯುತ್ತಿತ್ತು. ದುಃಖದ ಸುದ್ದಿ ಹೇಳುತ್ತಿದ್ದೇನೆ ಎನ್ನುವುದು ಅವರಿಗೆ ಹೊಳೆದೇ ಇರಲಿಲ್ಲ. ನನಗೂ ಹೊಳೆಯಲಿಲ್ಲ.

ಆ ದೇಶದ ಹೆಸರನ್ನು ನಾನು ಬರೆಯುವುದಿಲ್ಲ. ಅಲ್ಲಿ ಒಬ್ಬ ಹೆಂಗಸು ಇನ್ನೂ ಇದ್ದಾಳೆ, ಅಥವಾ ಇದ್ದಾಳೆ ಎಂದು ನಾನು ನಂಬಿದ್ದೇನೆ.

ಹೊರಡುವ ದಿನ ಬೆಳಿಗ್ಗೆ ಗಂಟು ಕಟ್ಟಲು ಕೂತೆ. ಅಲ್ಲಿ ನಿಲ್ಲಿಸುವ ಮೊದಲ ಬಾಗಿಲಿಗೆ ನಮ್ಮ ಮನೆಯ ಗಂಟೇ ಬೀಳಲಿ ಎಂದು ನನ್ನದೇ ಆಸೆ. ಅವರು ಕೇಳಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ, "ಬ್ಯಾರೆ ದೇಸಕ್ಕೆ ಓಗೋ ಗಂಟು. ಇದೊಂದ್ಸಲ ನೂಲಲ್ಲಿ ಕಟ್ಟವ್ವ" ಎಂದರು. ಮಾತಾಡಬಾರದಲ್ಲ, ನಾನು ತಲೆಯಾಡಿಸಿದೆ. ಅವರು ಆ ಕಡೆ ಹೋದ ಮೇಲೆ ತಂತಿಯಲ್ಲಿ ಮೂರು ಸುತ್ತು ಬಿಗಿದು, ತುದಿಗಳನ್ನು ಇಕ್ಕಳದಲ್ಲಿ ತಿರುಚಿದೆ. ಗಂಟು ಉಳಿ, ಬಾಚಿಗಳ ನಡುವೆ ಸಾಮಾನಿನ ಚೀಲದಲ್ಲಿ ಹೋಯಿತು. ವಿಮಾನ ನಿಲ್ದಾಣದಲ್ಲಿ ಯಾರೂ ಅದನ್ನು ಎತ್ತಿ ನೋಡಲಿಲ್ಲವಂತೆ. ನೋಡಿ, ಇದೇನು ಎಂದು ಗದರಿ ಕಸದ ಡಬ್ಬಕ್ಕೆ ಎಸೆದಿದ್ದರೆ! ಆ ಪುಣ್ಯಾತ್ಮರು ಯಾರೂ ಆ ದಿನ ಕೆಲಸಕ್ಕೆ ಬಂದಿರಲಿಲ್ಲವೇನೋ.

ಮಧ್ಯಾಹ್ನ ನಾಲ್ಕಕ್ಕೆ ನಮ್ಮ ಫೋನು. ಅಲ್ಲಿ ಅದು ಊಟದ ಬಿಡುವು. ನಾನು ಹೊಲಿಗೆ ಯಂತ್ರದ ಮೇಲೆ ಫೋನನ್ನು ನೂಲುಂಡೆಗೆ ಒರಗಿಸಿ ಕೂರುತ್ತಿದ್ದೆ.

ಮೊದಲ ದಿನ ಅವರು ಅಲ್ಲಿನ ನಿಯಮ ಹೇಳಿದರು. "ಬಿಳೀ ಕಲ್ಲು ಇಟ್ಟಿರೋ ಕಡೇನೇ ನಡೀಬೇಕು. ಕೆಂಪು ಕಲ್ಲಿನ ಆಚೆಗೆ ಉಚ್ಚೆ ಉಯ್ಯೋಕೂ ಓಗಂಗಿಲ್ಲ. ನೆಲದಾಗೆ ಬಾಂಬು ಊತವ್ರೆ. ಕೆಳಗೆ ಬಿದ್ದಿದ್ದು ಏನೂ ಎತ್ಕಳಂಗಿಲ್ಲ. ಕೇಳ್ದೆ ಅಗೆಯಂಗಿಲ್ಲ."

"ಅಗೀದೆ ಬಾಗ್ಲು ಎಂಗ್ರೀ ನಿಲ್ಲುಸ್ತೀರಾ?" ಎಂದು ನಾನು ನಕ್ಕೆ.

"ಮೊದ್ಲು ಒಬ್ರು ಬಂದು ಕೋಲು ಇಟ್ಕಂಡು ನೋಡ್ತಾರೆ. ಲೋಹ ಇದ್ರೆ ಕೋಲು ಕಿರುಚ್ತದೆ. ಕಿರುಚಿಲ್ಲ ಅಂದ್ರೆ ನಾವು ಅಗೀತೀವಿ. ಕದ ಇಟ್ಟು ಮನೆಯವ್ರಿಗೆ ಬುಟ್ಕೊಡೋಕೆ ಮುಂಚೆ ಇನ್ನೊಂದ್ಸಲ ನೋಡ್ತಾರೆ."

ಲೋಹ ಇದ್ದರೆ ಕೋಲು ಕಿರುಚುತ್ತದೆ. ಈ ಮಾತನ್ನು ನಾನು ಕಿವಿಯಾರೆ ಕೇಳಿದೆ. ಐದು ಲೋಹದ ಚೂರು, ಒಂದು ನಾಣ್ಯ, ಮೂರು ಸುತ್ತು ತಂತಿ, ಎಲ್ಲ ನನ್ನ ಕೈಯಿಂದ ಹೋಗಿ ಇನ್ನೂ ವಾರವಾಗಿರಲಿಲ್ಲ. ನನ್ನ ತಲೆಗೆ ಹೊಳೆಯಲಿಲ್ಲ. ಅವರ ತಲೆಗೂ ಹೊಳೆಯಲಿಲ್ಲ. ನಮ್ಮ ಪಾಲಿಗೆ ಅದು ಲೋಹವೇ ಅಲ್ಲ, ಗಂಟು.

ದಿನದಿನವೂ ಸುದ್ದಿ ಬರುತ್ತಿತ್ತು. ರಸ್ತೆಗೆ ಟಾರು ಬಿತ್ತು, ಕರೆಂಟು ಕಂಬ ನೆಟ್ಟರು, ಬ್ಯಾಂಕು ತೆರೆದರು, ಸ್ಕೂಲಿಗೆ ಹಳದಿ ಬಣ್ಣ ಬಳಿದರು. ಎಲ್ಲ ಸರಿಹೋಗುತ್ತಿದೆ ಎಂದೇ ಅವರು ಶುರು ಮಾಡುವರು. ಆಮೇಲೆ ದನಿ ಸಣ್ಣದಾಗುತ್ತಿತ್ತು. ಇವರು ಕೆಲಸ ಮಾಡುತ್ತಿದ್ದ ಬೀದಿ, ಯುದ್ಧದಲ್ಲಿ ಸೋತವರ ಕಡೆಯ ಜನ ಇದ್ದ ಬೀದಿ. ಓಡಿಹೋದವರು ಒಬ್ಬೊಬ್ಬರಾಗಿ ವಾಪಸು ಬರುತ್ತಿದ್ದರು. ಬಾಗಿಲಿಲ್ಲದ ಮನೆಗಳಿಗೆ ಕಂಬಳಿ ಇಳಿಬಿಟ್ಟುಕೊಂಡಿದ್ದರು. ದಿನಾ ಬೆಳಿಗ್ಗೆ ಬೂದು ಬಣ್ಣದ ಒಂದು ವ್ಯಾನು ಬೀದಿಯ ತುದಿಯಲ್ಲಿ ಬಂದು ನಿಲ್ಲುತ್ತಿತ್ತಂತೆ. ಎರಡು ದಿನಕ್ಕೋ ಮೂರು ದಿನಕ್ಕೋ ಯಾರದಾದರೂ ಹೆಸರು ಕೂಗುತ್ತಿದ್ದರು.

"ಕೂಗಿ?" ಎಂದೆ.

"ಹತ್ತುಸ್ಕಂಡು ಓಯ್ತಾರೆ."

"ಆಮೇಲೆ?"

"ಆಮೇಲೆ ಏನು ಅಂತ ನಾನು ಕೇಳಿಲ್ಲ ಕಣೆ. ಇಲ್ಲಿ ಯಾರೂ ಕೇಳಲ್ಲ."

ಇವರ ಮೊದಲ ಬಾಗಿಲು ನಿಂತದ್ದು ಒಂದು ಮುದಿ ದಂಪತಿಯ ಮನೆಗೆ. ಎಪ್ಪತ್ತರ ಹತ್ತಿರದ ಗಂಡಸು, ಅದಕ್ಕಿಂತ ಸ್ವಲ್ಪ ಚಿಕ್ಕವಳು ಹೆಂಡತಿ. ಊರು ಬಿಟ್ಟು ಓಡುವಾಗ ಇಬ್ಬರೂ ಮನೆಯ ಒಂದೊಂದು ಕೀ ಇಟ್ಟುಕೊಂಡಿದ್ದರಂತೆ, ದಾರಿಯಲ್ಲಿ ಬೇರೆ ಬೇರೆಯಾದರೆ ಯಾರು ಮೊದಲು ವಾಪಸು ಬಂದರೂ ಬಾಗಿಲು ತೆಗೆಯಲಿ ಎಂದು. ಇಬ್ಬರೂ ಬದುಕಿ ಬಂದರು. ಬಾಗಿಲು ಇರಲಿಲ್ಲ.

ಗಂಟು ಇಡುವ ದಿನ ವಿಡಿಯೋದಲ್ಲಿ ನನಗೂ ತೋರಿಸಿದರು. ಅಲ್ಲಿನವನೇ ಆದ ಒಬ್ಬ ಮೇಸ್ತ್ರಿ ಹಿಂದಿ ಬಲ್ಲವನಾಗಿದ್ದ, ಬಹಳ ವರ್ಷ ನಮ್ಮ ದೇಶದವರ ಜೊತೆ ದುಡಿದವನಂತೆ. ನನ್ನದು ಟೀವಿ ನೋಡಿ ಕಲಿತ ಹಿಂದಿ. ಅವನ ಬಾಯಿಂದ ಆ ಮನೆಯ ಹೆಂಗಸಿಗೂ, ಅವನ ಬಾಯಿಂದಲೇ ನನಗೂ ಮಾತು ದಾಟಿತು. ಗಂಟು ಕಟ್ಟಿದವಳು ಇವಳೇ ಎಂದು ನನ್ನ ಗಂಡ ತೋರಿಸಿದಾಗ ಆ ಹೆಂಗಸು ಫೋನಿಗೆ ಮುಖ ತಂದು, ನನ್ನನ್ನೇ ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡಳು. ನಿನ್ನನ್ನು ಏನೆಂದು ಕರೆಯಲಿ ಎಂದು ಕೇಳಿಸಿದಳು. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವಳು, ಆದರೂ ನನಗೆ ಬಾಯಿಗೆ ಬಂದದ್ದು ಅದೊಂದೇ: "ಅಕ್ಕ ಅನ್ನಿ." ಅವಳು ಎರಡು ಮೂರು ಸಲ ಅಂದು ಅಂದು ಕಲಿತಳು. ಕೈ ಮುಗಿಯುವುದನ್ನೂ ಕಲಿಸಿದೆ.

ಗುಂಡಿಯಲ್ಲಿ ಗಂಟು ಇಟ್ಟ ಮೇಲೆ ಅವಳು ತಡೆದಳು. ಕೊರಳಿನಿಂದ ಕೆಂಪು ದಾರದ ಒಂದು ಕೀ ತೆಗೆದು ಗಂಟಿನ ಮೇಲಿಟ್ಟಳು. ಹಳೆಯ ಮನೆಯ ಕೀ. ಗಂಡ ಏನೋ ಗೊಣಗಿದ. ಅವಳು ಅವನಿಗೆ ಸರಿಯಾಗಿ ಬೈದಳು, ಯಾವ ಭಾಷೆಯಾದರೇನು, ಹೆಂಡತಿ ಬೈಯುವುದು ನನಗೆ ತಿಳಿಯುವುದಿಲ್ಲವೇ? ನಾನು ಇಲ್ಲಿ ಬಿದ್ದು ಬಿದ್ದು ನಕ್ಕೆ. ಅವನು ತನ್ನ ಕೀಯನ್ನು ಮಾತ್ರ ಕೊಡಲಿಲ್ಲ. ಕೋಟಿನ ಜೇಬಿನಿಂದ ತೆಗೆದು, ಅದರ ಹಸಿರು ದಾರ ಹಿಡಿದು ಫೋನಿನ ಮುಂದೆ ಆಡಿಸಿ, ಮತ್ತೆ ಜೇಬಿಗೆ ಹಾಕಿಕೊಂಡ. ಅದೇ ಕೊನೆ, ನಾನು ಅವನನ್ನು ನೋಡಿದ್ದು.

ಮಣ್ಣು ಮುಚ್ಚಿದರು. ಹೊಸ್ತಿಲು ಕೂರಿಸಿದರು.

ಹತ್ತು ದಿನಕ್ಕೆ ಸರಿಯಾಗಿ, ಬೆಳಿಗ್ಗೆ ಹನ್ನೊಂದಕ್ಕೆ ಫೋನು ಬಂತು. ಹನ್ನೊಂದಕ್ಕೆ ಅವರು ಎಂದೂ ಮಾಡಿದವರಲ್ಲ. ನನ್ನ ಕಾಲು ಪೆಡಲಿನ ಮೇಲೆ ನಿಂತೇಹೋಯಿತು.

"ಕೋಲು ಕಿರುಚ್ತು ಕಣೆ," ಎಂದರು. ಪಿಸುಮಾತು. "ಬುಟ್ಕೊಡೋಕೆ ಮುಂಚೆ ಬಂದು ನೋಡುದ್ರು. ವಸ್ಲು ಮೇಲೆ ಇಟ್ಟೇಟ್ಗೆ ಕಿರುಚ್ತು. ಬೀದಿಯೆಲ್ಲ ಖಾಲಿ ಮಾಡ್ಸುದ್ರು. ವಸ್ಲು ಕಿತ್ತಾಕಿ ಗಂಟು ತಗುದ್ರು. ತಂತಿ ಸುತ್ತಿರೋದು ನೋಡಿ ದೂರದಿಂದ್ಲೇ ಕೊಕ್ಕೆ ಹಾಕಿ ಎಳುದ್ರು."

"ಅಯ್ಯೋ ಸಿವನೆ! ನೀವು ಎಲ್ಲಿದ್ರಿ?"

"ನಮ್ಮನ್ನೆಲ್ಲ ಗೋಡೆ ಕಡೆ ಸಾಲಾಗಿ ನಿಲ್ಲಿಸವ್ರೆ. ಯಾರು ಇಟ್ಟಿದ್ದು ಅಂತ ಕೇಳ್ತಾವ್ರೆ. ಗಂಟಿನ ಜೊತೆ ಆಯಮ್ಮನ ಕೀ ಸಿಕ್ತಲ್ಲ, ತಾತನ ಜೇಬು ನೋಡುದ್ರು. ಅದೇ ತರದ ಕೀ. ಇನ್ನೇನು ಬೇಕು ಅವ್ರಿಗೆ? ತಾತನ್ನ ವ್ಯಾನಿಗೆ ಹತ್ತುಸುದ್ರು."

ನನಗೆ ಆ ಕ್ಷಣ ತಾತನೂ ಕಾಣಲಿಲ್ಲ, ಆ ಹೆಂಗಸೂ ಕಾಣಲಿಲ್ಲ. ಗೋಡೆಯ ಕಡೆ ನಿಂತ ನನ್ನ ಗಂಡನ ಬೆನ್ನು ಕಂಡಿತು. ನಾನು ಹೇಳಿದ್ದು ಇಷ್ಟು, ಒಂದಕ್ಷರವೂ ಮರೆತಿಲ್ಲ:

"ಬಾಯ್ ಬುಡಬ್ಯಾಡಿ. ನಿಮ್ಮ ಕಾಲಿಗೆ ಬೀಳ್ತೀನಿ. ಅವರ ದೇಸ, ಅವರು ನೋಡ್ಕತಾರೆ. ನೀವು ಬಾಯ್ ಬುಡಬ್ಯಾಡಿ."

ಫೋನು ಕಟ್ಟಾಯಿತು.

ಅವತ್ತಿನಿಂದ ಮನೆಯಲ್ಲಿ ನಾನು ಸುಳ್ಳು ಹೇಳಲು ಕಲಿತೆ. ನಾಲ್ಕು ಗಂಟೆಗೆ ಅತ್ತೆ ಕಾಫಿ ಲೋಟ ಹಿಡಿದು ನನ್ನ ಪಕ್ಕ ಬಂದು ಕೂತರೆ, "ನೆಟ್‌ವರ್ಕ್ ಇಲ್ಲ ಅತ್ತೆ" ಎನ್ನುವುದು. ಒಬ್ಬರ ರವಿಕೆಗೆ ಎರಡೂ ತೋಳು ಹಿಂದುಮುಂದಾಗಿ ಹೊಲಿದೆ. ಬಿಚ್ಚಿ ಹೊಲಿದರೆ ಮತ್ತೆ ಹಾಗೆಯೇ. ಬೀದಿಯಲ್ಲಿ ಯಾವ ವ್ಯಾನು ನಿಂತರೂ ಕಿಟಕಿಗೆ ಹೋಗಿ ನೋಡುತ್ತಿದ್ದೆ. ಹಾಲಿನ ವ್ಯಾನು ಎಂದು ಗೊತ್ತಿದ್ದರೂ ಹೋಗುತ್ತಿದ್ದೆ.

ಮೂರನೇ ದಿನ ಅತ್ತೆಗೆ ನೂಲು ತರಬೇಕೆಂದು ಹೇಳಿ ಬಸ್ಸು ಹತ್ತಿ ಕೆ.ಆರ್. ಪೇಟೆಗೆ ಹೋದೆ. ಏಜೆಂಟಿಗೆ ಎಲ್ಲ ತಿಳಿದಿತ್ತು. ಮೇಜಿನ ಮೇಲೆ ಮುಂದಕ್ಕೆ ಬಗ್ಗಿ, "ನೋಡಮ್ಮ, ಬಾಯಿ ಬಿಟ್ರೆ ನಿಮ್ಮೆಜಮಾನ್ರನ್ನೂ ಹತ್ತುಸ್ತಾರೆ. ಆಮೇಲೆ ನಾನಲ್ಲ, ಯಾರೂ ಏನೂ ಮಾಡೋಕಾಗಲ್ಲ. ಹತ್ತು ದಿನ ತಡ್ಕಳಿ, ಈ ಸಲ ಬರೋರ ಜೊತೆ ವಾಪಸ್ ಕರೆಸ್ಕತೀನಿ" ಎಂದ. ನಾನು ಅವನಿಗೆ ಕೈ ಮುಗಿದೆ. ಮೆಟ್ಟಿಲಿಳಿಯುವಾಗ ಎದೆ ಹಗುರಾಯಿತು. ಹಗುರಾಯಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಕಬ್ಬು ತುಂಬಿದ ಟ್ರಾಕ್ಟರು ಮುಂದೆ ಹೋಗುತ್ತಿತ್ತು, ಬಸ್ಸು ಅದರ ಹಿಂದೆ ತೆವಳುತ್ತಿತ್ತು. ಪಕ್ಕದ ಹೆಂಗಸು ಮಡಿಲಲ್ಲಿ ಹೂವಿನ ಪೊಟ್ಟಣ ಇಟ್ಟುಕೊಂಡು ತೂಕಡಿಸುತ್ತಿದ್ದಳು. ಆಗ ವಿಡಿಯೋ ಫೋನು ಬಂತು. ಮೇಸ್ತ್ರಿಯ ನಂಬರು. ನನ್ನ ಗಂಡನೇ ಇರಬೇಕೆಂದು ಎತ್ತಿದೆ.

ಅವಳು. ಬಾಗಿಲಿನ ಜಾಗದಲ್ಲಿ ನಿಂತಿದ್ದಳು. ಹಿಂದೆ ಚೌಕಟ್ಟು ಇರಲಿಲ್ಲ. ಕಾಲ ಬಳಿ ಅಗೆದು ಹಾಕಿದ ಮಣ್ಣು, ಅದರ ಸುತ್ತ ಕೆಂಪು ಬಳಿದ ಕಲ್ಲುಗಳು. ಅಳುತ್ತಿರಲಿಲ್ಲ. ನಾನು ಕಲಿಸಿದ ಹಾಗೆ ಎರಡೂ ಕೈ ಮುಗಿದು, ನಾನು ಕಲಿಸಿದ ಆ ಒಂದು ಮಾತನ್ನು ಹೇಳಿದಳು.

"ಅಕ್ಕ."

ಮೇಸ್ತ್ರಿ ಪಕ್ಕದಿಂದ ಹಿಂದಿಯಲ್ಲಿ ಆತುರಾತುರವಾಗಿ ಹೇಳಿದ. ಅದು ಬಾಗಿಲಿನ ಪೂಜೆಯ ಗಂಟು ಎಂದು ಅವಳು ತಾನೇ ವ್ಯಾನಿನವರ ಹತ್ತಿರ ಹೋಗಿ ಹೇಳಿದ್ದಾಳಂತೆ, ಗಂಡನನ್ನು ಉಳಿಸಲು ಕತೆ ಕಟ್ಟುತ್ತಿದ್ದೀಯ ಎಂದು ತಳ್ಳಿ ಕಳಿಸಿದರಂತೆ. ಅವಳು ಬೇರೆ ಏನೂ ಕೇಳುವುದಿಲ್ಲ. ಕಟ್ಟಿದವರು, ಇಟ್ಟವರು, ಅದರಲ್ಲಿ ಏನಿತ್ತು ಎಂದು ಒಂದು ಮಾತು ಹೇಳಲಿ. ಅಷ್ಟೇ.

ಅವಳು ನನ್ನನ್ನೇ ನೋಡುತ್ತಿದ್ದಳು. ಬಸ್ಸು ಕುಲುಕುತ್ತಿತ್ತು, ಅವಳ ಮುಖವೂ ಕುಲುಕುತ್ತಿತ್ತು. ಹೇಳಲು ನನಗೆ ಮಾತು ಇತ್ತು. ನವಧಾನ್ಯ, ನಾಣ್ಯ, ಐದು ಚೂರು, ತಂತಿ, ನಾಲ್ಕು ಮಾತು. ನಾನು ಫೋನು ಕಟ್ ಮಾಡಿದೆ. ಮತ್ತೆ ಬರುತ್ತದೆ ಎಂದು ಸ್ವಿಚ್ ಆಫ್ ಮಾಡಿ ಬ್ಯಾಗಿನ ತಳಕ್ಕೆ ಹಾಕಿ, ಅದರ ಮೇಲೆ ನೂಲುಂಡೆಗಳನ್ನು ಹಾಕಿದೆ. ಪಕ್ಕದ ಹೆಂಗಸು ಎಚ್ಚೆತ್ತು, "ಯಾರವ್ವ ಅದು, ಪಾಪ?" ಎಂದಳು. "ರಾಂಗ್ ನಂಬರು" ಎಂದೆ.

ಮಾರನೇ ದಿನ ನಾಲ್ಕು ಗಂಟೆಗೆ ಅವರೇ ಮಾಡಿದರು. ನಾನು ಮುಚ್ಚಿಡಬಹುದಿತ್ತು. ಆದರೆ ಇಪ್ಪತ್ತು ವರ್ಷದಲ್ಲಿ ಅವರಿಂದ ಏನನ್ನೂ ಮುಚ್ಚಿಟ್ಟವಳಲ್ಲ, ಬಾಯಿ ತಡೆಯಲಿಲ್ಲ.

"ಆಯಮ್ಮ ಫೋನ್ ಮಾಡಿತ್ತು."

"ಏನಂತು?"

ಹೇಳಿದೆ.

"ನೀನೇನಂದೆ?"

"ಕಟ್ ಮಾಡ್ದೆ."

ಹಿಂದೆ ಎಲ್ಲೋ ಯಂತ್ರ ಮರ ಕೊಯ್ಯುವ ಸದ್ದು ಕೇಳುತ್ತಿತ್ತು.

"ಅಂಗಾದ್ರೆ ನಾನೇ ಓಗಿ ಏಳ್ತೀನಿ ಬುಡು," ಎಂದರು.

ನಾನು ಕಿರುಚಿದೆ. ಅತ್ತೆ ಹಿತ್ತಲಲ್ಲಿದ್ದಾರೆ ಎನ್ನುವುದನ್ನೂ ಮರೆತು ಕಿರುಚಿದೆ. ನೀವು ಹೇಳಿದರೆ ನಾನು ನಾಲೆಗೆ ಬೀಳುತ್ತೇನೆ ಎಂದೆ. ನಿಮಗೆ ನಾನು ಬೇಕೋ ಆ ಮುದುಕ ಬೇಕೋ ಎಂದು ಕೇಳಿದೆ. ಅವರು ಬೈಯಲಿಲ್ಲ. "ನನ್ನ ಬಾಗ್ಲು ಕಣೆ ಅದು" ಎಂದರು. ಅಷ್ಟೇ ಹೇಳಿ ಇಟ್ಟರು.

ಆಮೇಲೆ ಒಂಬತ್ತು ದಿನ ಫೋನಿಲ್ಲ.

ಆ ಒಂಬತ್ತು ದಿನವನ್ನು ಬರೆಯಲು ನನಗೆ ಬರುವುದಿಲ್ಲ. ಅತ್ತೆ ಏನೋ ಆಗಿದೆ ಎಂದು ಮಣಮಣ ಗೊಣಗಿದರು, ನಾನು ಉಣ್ಣಲಿಲ್ಲ, ಏಜೆಂಟು ನನ್ನ ಫೋನು ಎತ್ತಲಿಲ್ಲ. ಒಂಬತ್ತನೇ ದಿನ ಮಧ್ಯಾಹ್ನ ಒಂದು ಜೀಪು ಮನೆಯ ಮುಂದೆ ನಿಂತಿತು, ಅವರು ಇಳಿದರು. ಯಾರದೋ ದೊಗಳೆ ಅಂಗಿ. ಕೈಯಲ್ಲಿ ಚೀಲವಿಲ್ಲ, ಉಳಿಯಿಲ್ಲ, ಬಾಚಿಯಿಲ್ಲ. ಹೊಸ್ತಿಲ ಹತ್ತಿರ ಬಂದವರು ದಾಟದೆ ನಿಂತುಬಿಟ್ಟರು. ನಮ್ಮದೇ ಮನೆ, ಅವರ ಅಪ್ಪ ನಿಲ್ಲಿಸಿದ ಬಾಗಿಲು. ಕೆಳಗೆ ನೋಡಿಕೊಂಡು ನಿಂತೇ ಇದ್ದರು. ನಾನು ಹೋಗಿ ಕೈ ಹಿಡಿದು ಒಳಗೆ ಕರೆದುಕೊಂಡೆ.

ಅವರು ಹೋಗಿ ಹೇಳಿದ್ದರು. ಗಂಟಿನಲ್ಲಿ ಏನಿದೆ, ಯಾಕೆ ಇಡುತ್ತಾರೆ, ಯಾರು ಕಟ್ಟಿದ್ದು, ಎಲ್ಲವನ್ನೂ. ಅಲ್ಲಿನ ಅಧಿಕಾರಿಗಳು ಬರೆದುಕೊಂಡರಂತೆ. ಗಂಟು ಬಿಚ್ಚಿ, ಹುರುಳಿ, ಹೆಸರು, ಎಳ್ಳು ಎಂದು ಒಂದೊಂದನ್ನೂ ಎಣಿಸಿ ನೋಡಿದರಂತೆ. ಆಮೇಲೆ ಒಂದೇ ಪ್ರಶ್ನೆ: ಇದು ನಿಜವಾದರೆ ನಾಲ್ಕು ದಿನ ಯಾಕೆ ಸುಮ್ಮನಿದ್ದೆ? ಹೆಂಡತಿ ಬೇಡವೆಂದಳು ಎಂದು ಹೇಳಲಿಲ್ಲವಂತೆ. ಒಂದು ಕೋಣೆಯಲ್ಲಿ ವಾರ ಕೂರಿಸಿ, ಇನ್ನು ಈ ದೇಶಕ್ಕೆ ಕಾಲಿಡಬೇಡ ಎಂದು ವಿಮಾನ ಹತ್ತಿಸಿದರು.

"ತಾತ?" ಎಂದೆ.

"ಕೇಳ್ದೆ. ಅದು ನಿಂಗೆ ಬ್ಯಾಡದ್ದು ಅಂದ್ರು."

ಮೇಸ್ತ್ರಿಯ ನಂಬರಿಗೆ ನಾನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಅವರ ಭಾಷೆಯಲ್ಲಿ ಒಂದು ಹೆಣ್ಣುದನಿ ಏನೋ ಹೇಳುತ್ತದೆ, ಆಮೇಲೆ ಕಟ್ಟಾಗುತ್ತದೆ. ಈಗ ಮಾತಾಡಲು ನಾನು ಸಿದ್ಧ. ಕೇಳುವವರು ಯಾರೂ ಇಲ್ಲ.

ನನ್ನ ಗಂಡ ಈಗ ಶ್ರೀರಂಗಪಟ್ಟಣದ ಒಂದು ಪ್ಲೈವುಡ್ ಅಂಗಡಿಯಲ್ಲಿ ಹಲಗೆ ಕೊಯ್ಯುತ್ತಾರೆ. ಅಳತೆ ಹೇಳಿದರೆ ಕೊಯ್ದು ಕೊಡುವುದು, ಅಷ್ಟೇ. ಪಾಲಹಳ್ಳಿಯ ಗೌಡರ ಮನೆಯವರು ತೇಗದ ಮರ ತಂದಿಟ್ಟು, "ನೀವೇ ಬಂದು ನಿಲ್ಲಿಸ್ಕೊಡಿ ಆಚಾರ್ರೆ, ಬ್ಯಾರೆಯವ್ರ ಕೈಲಿ ಬ್ಯಾಡ" ಎಂದು ಮೂರು ಸಲ ಬಂದರು. ಇವರು ಕೈ ನೋಯುತ್ತದೆ ಎಂದರು. ಒಂದು ದಿನ ಆ ಮನೆಯ ಹೆಂಗಸೇ ಬಂದು, "ಬಾಗ್ಲು ಬ್ಯಾರೆಯವ್ರು ನಿಲ್ಸಲಿ, ಗಂಟಾದ್ರೂ ನೀವು ಕಟ್ಕೊಡಿ ಅಕ್ಕ" ಎಂದಳು. ನಾನು ಒಳಗೆ ಹೋಗಿ ನಲ್ಲಿ ತಿರುಗಿಸಿ ನೀರಿನ ಸದ್ದು ಮಾಡಿಕೊಂಡು ನಿಂತೆ. ಅತ್ತೆ ಏನೋ ನೆಪ ಹೇಳಿ ಅವಳನ್ನು ಕಳಿಸಿದರು. ಯಾಕೆ ಎಂದು ನನ್ನನ್ನು ಕೇಳಲಿಲ್ಲ. ಅವರಿಗೆ ನಾವಿಬ್ಬರೂ ಹೇಳಿದ್ದು ಕೆಲಸ ಬೇಗ ಮುಗಿಯಿತು ಎಂದಷ್ಟೇ.

ಮೊನ್ನೆ ಭಾನುವಾರ ಮಾಕವಳ್ಳಿಯ ಕಡೆಯ ಒಬ್ಬ ಗಂಡಸು ಬಂದ. ಇವರ ಜೊತೆಗೇ ಹೋಗಿ ಅಲ್ಲೇ ಉಳಿದಿದ್ದ ಕಂಬಿ ಕೆಲಸದವನು, ಒಪ್ಪಂದ ಮುಗಿಸಿ ಬಂದಿದ್ದ. ಹೆಗಲಲ್ಲಿ ನಮ್ಮ ಸಾಮಾನಿನ ಚೀಲ. ಉಳಿ, ಬಾಚಿ ಎಲ್ಲ ಇದ್ದವು, ಎಣ್ಣೆ ಹಚ್ಚಿ ಬಟ್ಟೆ ಸುತ್ತಿದ್ದ. ಅತ್ತೆ ಕಾಫಿ ತಂದುಕೊಟ್ಟು ಅಲ್ಲೇ ಕೂತರು. ಅವನು ಅಲ್ಲಿನ ಊರಿನ ಸುದ್ದಿ ಹೇಳಿದ, ಬೀದಿಗೆಲ್ಲ ದೀಪ ಬಂತು, ಉದ್ಘಾಟನೆಗೆ ಬ್ಯಾಂಡು ಬಾರಿಸಿದರು ಎಂದ.

"ಎಲ್ಲಾ ಮನೆಗೂ ಕದ ಬಂತಾ?" ನನ್ನ ಗಂಡ ಕೇಳಿದರು. ಚೀಲದಿಂದ ಕಣ್ಣೆತ್ತಲಿಲ್ಲ.

"ಬಂದ್ವು ಕಣಣ್ಣ. ಆ ಒಂದು ಮನೆಗೆ ಮಾತ್ರ ಇಟ್ಟಿಗೆ ಕಟ್ಟಿ ಮುಚ್ಚುಬುಟ್ರು."

ಆಮೇಲೆ ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಅವರಿಗಲ್ಲ, ನನ್ನ ಕಡೆ ಚಾಚಿದ. "ಮನೆ ಮುಚ್ಚೋ ದಿನ ಆಯಮ್ಮ ಕೊಡ್ತು. ಆಚಾರಿ ಹೆಂಡ್ತಿಗೆ ಕೊಡು ಅಂತ ಸನ್ನೆ ಮಾಡ್ತು. ಇನ್ನೇನೂ ಅನ್ನಲಿಲ್ಲ ಅಕ್ಕ."

ಬಿಚ್ಚಿದೆ. ಒಂದು ಕೀ. ದಾರ ಕೆಂಪಲ್ಲ. ಹಸಿರು.

ಅವನು ಕಾಫಿ ಲೋಟ ನೋಡುತ್ತಾ ಹೇಳಿದ, "ಬಟ್ಟೆ ಜೊತೆ ವಾಪಸ್ ಕೊಟ್ರಂತೆ. ತಾತನ ಕೋಟಿನ ಜೊತೆ."

ನನ್ನ ಗಂಡ ಎದ್ದು ಹಿತ್ತಲಿಗೆ ಹೋದರು. ಮಾಕವಳ್ಳಿಯವನು ಕಾಫಿ ಅರ್ಧಕ್ಕೆ ಬಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟ. ನಾನು ಅಂಗೈಯಲ್ಲಿ ಆ ಕೀ ಇಟ್ಟುಕೊಂಡು ಕೂತೇ ಇದ್ದೆ. ಹಳೆಯ ಕಬ್ಬಿಣ, ಹಿಡಿ ಸವೆದು ನುಣುಪಾಗಿತ್ತು.

"ಯಾವ ಬಾಗ್ಲುದವ್ವ ಅದು?" ಎಂದರು ಅತ್ತೆ.

ಹೇಳಿದೆ. ಕೋಲು ಕಿರುಚಿದ್ದು, ವ್ಯಾನು, ಬಾಯ್ ಬುಡಬ್ಯಾಡಿ ಎಂದದ್ದು, ಬಸ್ಸಿನಲ್ಲಿ ಕಟ್ ಮಾಡಿದ್ದು, ಒಂದನ್ನೂ ಬಿಡಲಿಲ್ಲ. ಅತ್ತೆ ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದರು.

"ತಂತೀಲಿ ಕಟ್ಟಿದ್ದಾ?"

"ಹೂಂ ಅತ್ತೆ."

ಇಪ್ಪತ್ತು ವರ್ಷ ಈ ಒಂದು ವಿಷಯಕ್ಕೆ ನನ್ನ ತೌರುಮನೆಯನ್ನೆಲ್ಲ ಎಳೆದು ಬೈದವರು. ಈಗಲೂ ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕಾದೆ. ಬೈಯಲಿ ಎಂದು ದೇವರನ್ನು ಬೇಡಿದೆ. ಅತ್ತೆ ಅವನು ಬಿಟ್ಟುಹೋದ ಕಾಫಿ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು.